ಆಕಾಶದ ಆಟವೂ ಆಕಸ್ಮಿಕವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮಗೆ ಬರೆದ ಪತ್ರದಲ್ಲಿ ಭಾಷಣದ ವಿಷಯವನ್ನು ನಮ್ಮ ಇಚ್ಛೆಗೇ ಬಿಟ್ಟಿದ್ದರು. ವಿದ್ವಾನ್ ಪದವಿಯನ್ನು ಹೊತ್ತ ಕನ್ನಡ ಪಂಡಿತನೊಬ್ಬನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತನಾಡುವನೆಂದು ತಾವು ನಿರೀಕ್ಷಿಸಿದ್ದರೆ ಅದು ಸಹಜವೇ. ಆದರೆ ಈ ವರ್ಷ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ ವಿಷಯವೇ ಬೇರೆ. ನಮ್ಮ ಮಕ್ಕಳು ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಆಡುತ್ತಿರುವ ಬಾಹ್ಯಾಕಾಶದ ತಂತ್ರದಾಟಗಳು, ಮತ್ತು ಆ ಆಟಗಳಲ್ಲಿ ಆಟಗಾರನನ್ನು ಕೇಳದೆ ಹೇಳದೆ ಬಂದೆರಗುವ ವಿಪತ್ತುಗಳು, ಇವೇ ಆ ವಿಷಯ. ಹಿರಿಯರು ನಗಬಹುದು. ಮೊದಲು ನಾವೂ ನಕ್ಕವರೇ. ನಕ್ಕುದಲ್ಲದೆ, ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಮೊಬೈಲನ್ನು ಕಸಿದುಕೊಂಡು ಮೂರು ದಿನ ನಮ್ಮ ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಟ್ಟವರು.

ನಾಲ್ಕನೆಯ ದಿನ ಅದನ್ನು ಹಿಂದಿರುಗಿಸುವಾಗ, ಅದರಲ್ಲಿ ಅಂಥದೇನಿದೆಯೆಂದು ಕೇಳಿದೆವು. ಹುಡುಗನು ತಲೆ ತಗ್ಗಿಸಿಯೇ ಹೇಳಿದನು: "ನನ್ನದು ಹನ್ನೆರಡು ಗ್ರಹಗಳ ರಾಜ್ಯ ಇತ್ತು, ಗುರುಗಳೇ. ಎಲ್ಲಾ ಸರಿಯಾಗಿ ನಡೆಸಿದ್ದೆ. ಒಮ್ಮೆಗೇ ನಕ್ಷತ್ರ ಸಿಡಿದು ಅರ್ಧ ರಾಜ್ಯ ಹೋಯಿತು. ನನ್ನ ತಪ್ಪೇನಿತ್ತು?"

ಈ ಪ್ರಶ್ನೆಯನ್ನು ಧರ್ಮರಾಯನೂ ಕೇಳಿಕೊಂಡಿರಬಹುದು, ನಳನೂ ಕೇಳಿಕೊಂಡಿರಬಹುದು. ಆದರೆ ಅವರಿಬ್ಬರೂ ಕುಳಿತುದು ಜೂಜಿಗೆ. ಈ ಹುಡುಗನು ಕುಳಿತುದು ಬುದ್ಧಿಯ ಆಟಕ್ಕೆ. ಉತ್ತರ ಹೇಳಲಾರದೆ ನಾವು ಆ ಆಟಗಳನ್ನು ಕುರಿತು ತಿಳಿಯತೊಡಗಿದೆವು.

ಅರಿಯದವರಿಗಾಗಿ ಎರಡು ಮಾತು. ಇವುಗಳಲ್ಲಿ ಹಾಸು ಎಂದರೆ ನಕ್ಷತ್ರಗಳ ನಕ್ಷೆ. ಒಬ್ಬೊಬ್ಬ ಆಟಗಾರನೂ ಒಂದು ಗ್ರಹದಿಂದ ಹೊರಟು, ನೌಕೆಗಳನ್ನು ಕಟ್ಟಿ, ವಿದ್ಯೆಯನ್ನು ಬೆಳೆಸಿ, ನೆರೆಯ ನಕ್ಷತ್ರಗಳಿಗೆ ತನ್ನ ಜನರನ್ನು ಕಳುಹಿಸಿ ರಾಜ್ಯವನ್ನು ವಿಸ್ತರಿಸುತ್ತಾನೆ. 1993ರಲ್ಲಿ ಅಮೆರಿಕದಲ್ಲಿ ಹೊರಬಂದ ಮಾಸ್ಟರ್ ಆಫ್ ಓರಿಯನ್ ಈ ಬಗೆಯ ಆಟಗಳಿಗೆ ಹೆಸರು ತಂದುಕೊಟ್ಟಿತು. 2016ರಲ್ಲಿ ಸ್ವೀಡನ್ ದೇಶದವರು ಹೊರತಂದ ಸ್ಟೆಲ್ಲಾರಿಸ್ ಇಂದಿಗೂ ಜನಪ್ರಿಯವಾಗಿದೆ. ಯಂತ್ರದ ಹಂಗಿಲ್ಲದೆ ಮೇಜಿನ ಮೇಲೆ ಹರಡಿ ಆಡುವ ಟ್ವಿಲೈಟ್ ಇಂಪೀರಿಯಂ ಎಂಬುದು 1997ರಿಂದ ಉಂಟು. ಅದನ್ನು ಒಮ್ಮೆ ಆಡಿ ಮುಗಿಸಲು ಒಂದು ಹಗಲೇ ಬೇಕಂತೆ. ನಮ್ಮ ಹಿರಿಯರು ಶಿವರಾತ್ರಿಯ ಜಾಗರಣೆಗೆ ಪಗಡೆ ಹಾಸುತ್ತಿದ್ದುದನ್ನು ನೆನೆದರೆ ಇದು ಅತಿಯೆನಿಸದು.

ಇವುಗಳಲ್ಲಿ ಬರುವ ವಿಪತ್ತುಗಳು ಎರಡು ಜಾತಿಯವು. ಈ ಭೇದವನ್ನು ಗ್ರಹಿಸದೆ ಹುಡುಗನ ಪ್ರಶ್ನೆಗೆ ಉತ್ತರವಿಲ್ಲ. ಮೊದಲನೆಯದು ನೆಲದ ಗುಣ. ಸ್ಟೆಲ್ಲಾರಿಸ್ಸಿನಲ್ಲಿ ಮಿಡಿಯುವ ನಕ್ಷತ್ರವೊಂದರ ಬಳಿಗೆ ಹೋದರೆ ನೌಕೆಗಳ ರಕ್ಷಾಕವಚ ನಿಷ್ಫಲವಾಗುತ್ತದೆ. ನ್ಯೂಟ್ರಾನ್ ನಕ್ಷತ್ರದ ಸೀಮೆಯಲ್ಲಿ ಅವುಗಳ ವೇಗ ಕುಂದುತ್ತದೆ. ಟ್ವಿಲೈಟ್ ಇಂಪೀರಿಯಂನಲ್ಲಿ ಗುರುತ್ವದ ಬಿರುಕೊಂದಿದೆ. ಅದರ ಮೂಲಕ ಹಾದ ನೌಕೆ ಒಂದು ಮನೆ ಹೆಚ್ಚು ಮುಂದೆ ಹೋಗಬಹುದು. ಆದರೆ ಹಾದುಹೋಗುವ ಒಂದೊಂದು ನೌಕೆಗೂ ಹತ್ತು ಮುಖದ ದಾಳವನ್ನು ಉರುಳಿಸಬೇಕು. ಒಂದು, ಎರಡು, ಮೂರು ಬಿದ್ದರೆ ನೌಕೆ ಹೋಯಿತು. ಹತ್ತರಲ್ಲಿ ಮೂರು ಪಾಲು ಅಪಾಯ. ಆದರೂ ಬಿರುಕು ಹಾಸಿನ ಮೇಲೆ ಕಣ್ಣೆದುರಿಗೇ ಇದೆ. ಮಳೆಗಾಲದಲ್ಲಿ ಸೇತುವೆಯವರೆಗೆ ಸುತ್ತಿ ಹೋಗಲು ಬೇಸತ್ತು ತುಂಬಿದ ಹಳ್ಳಕ್ಕೆ ಇಳಿಯುವವನು ಹಳ್ಳವನ್ನು ದೂರುವಂತಿಲ್ಲ.

ಎರಡನೆಯದೇ ಶುದ್ಧ ಆಕಸ್ಮಿಕ. ಅದು ನಕ್ಷೆಯಲ್ಲಿ ಇಲ್ಲ. ಮಾಸ್ಟರ್ ಆಫ್ ಓರಿಯನ್ನಿನಲ್ಲಿ ನೆಮ್ಮದಿಯಿಂದಿರುವ ಗ್ರಹಕ್ಕೆ ಮಾರಿಬೇನೆ ಬರುತ್ತದೆ, ಭೂಕಂಪವಾಗುತ್ತದೆ, ಧೂಮಕೇತು ಅಪ್ಪಳಿಸಲು ಬರುತ್ತದೆ, ನಕ್ಷತ್ರವೇ ಸಿಡಿಯಲು ಸಿದ್ಧವಾಗುತ್ತದೆ. ಆದರೆ ಆಟವನ್ನು ರಚಿಸಿದವರ ಔಚಿತ್ಯಪ್ರಜ್ಞೆಯನ್ನು ಇಲ್ಲಿಯೇ ಮೆಚ್ಚಬೇಕು. ಧೂಮಕೇತು ತಲಪುವ ಮುನ್ನ ನೌಕೆಗಳನ್ನು ಕಳುಹಿಸಿ ಅದನ್ನು ಒಡೆಯಬಹುದು. ನಕ್ಷತ್ರ ಸಿಡಿಯುವುದಕ್ಕೆ ಮುಂಚೆ ಇಂತಿಷ್ಟು ವರ್ಷಗಳ ಅವಧಿಯುಂಟು. ಅಷ್ಟರಲ್ಲಿ ಆ ಗ್ರಹದ ದುಡಿಮೆಯನ್ನು ಸಂಶೋಧನೆಗೆ ಹರಿಸಿದರೆ ಅನಾಹುತ ತಪ್ಪೀತು. ನಮ್ಮ ಹುಡುಗನು ಆಡಿದುದು ಬೇರೊಂದು ಆಟ. ಅದರಲ್ಲಿ ಸೂಚನೆಯೂ ಇಲ್ಲ, ಉಪಾಯವೂ ಇಲ್ಲ. ಅವನ ದೂರು ನ್ಯಾಯವಾದುದೆಂದೇ ನಮ್ಮ ತೀರ್ಪು. ಆಕಸ್ಮಿಕ ಬರಲಿ, ಬಂದ ಮೇಲೆ ಆಟಗಾರನು ಮಾಡಬಹುದಾದ ಕೆಲಸ ಒಂದಾದರೂ ಇರಬೇಕು. ಇಲ್ಲದಿದ್ದರೆ ಅದು ಆಟವಲ್ಲ, ಆಟಗಾರನ ಮೇಲೆ ಹೇರಿದ ದಂಡ. 1996ರಲ್ಲಿ ಬಂದ ಮಾಸ್ಟರ್ ಆಫ್ ಓರಿಯನ್ನಿನ ಎರಡನೆಯ ಭಾಗದಲ್ಲಿ, ಆಕಸ್ಮಿಕಗಳೇ ಬೇಡವೆಂದು ಆರಂಭದಲ್ಲಿಯೇ ನಿಲ್ಲಿಸಿಬಿಡುವ ಅನುಕೂಲವೂ ಉಂಟು. ಇದನ್ನು ಹುಡುಗನ ತಂದೆಗೆ ಹೇಳಿದಾಗ, ತೊಗರಿ ಬೆಳೆಯುವ ಆ ಮನುಷ್ಯ, "ಆ ಗುಂಡಿ ಎಲ್ಲಿ ಸಿಗುತ್ತದೆ, ಗುರುಗಳೇ?" ಎಂದು ಕೇಳಿದನು.

ನಮ್ಮ ಹಳೆಯ ಆಟಗಳೂ ಈ ವಿಚಾರದಲ್ಲಿ ಹಿಂದುಳಿದವೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಒಂದು ಭಾಗವೇ ಆಟಗಳಿಗೆ ಮೀಸಲು. ಪರಮಪದಸೋಪಾನದ ಪಟದಲ್ಲಿ ಹಾವು ಎಲ್ಲರಿಗೂ ಕಾಣುತ್ತದೆ. ಕಂಡೂ ತಪ್ಪಿಸಿಕೊಳ್ಳುವಂತಿಲ್ಲ, ಏಕೆಂದರೆ ಕಾಯಿ ನಡೆಯುವುದು ದಾಳ ಹೇಳಿದಂತೆ ಮಾತ್ರ. ಚೌಕಾಬಾರ ಹಾಗಲ್ಲ. ನಾಲ್ಕು ಕವಡೆಗಳು ಹದಿನಾರು ರೀತಿಯಲ್ಲಿ ಬೀಳಬಲ್ಲವು. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದು ಇಟ್ಟುಕೊಂಡರೆ, ಎರಡು ಬೀಳುವುದು ಹದಿನಾರರಲ್ಲಿ ಆರು ಸಲ. ನಾಲ್ಕು ಬೀಳುವುದು ಒಂದೇ ಸಲ, ಎಂಟೂ ಒಂದೇ ಸಲ. (ಯಾವ ಕವಡೆಯೂ ನಿಜಕ್ಕೂ ಹಾಗೆ ಸಮನಾಗಿ ಬೀಳುವುದಿಲ್ಲವೆಂಬುದನ್ನು ನಮ್ಮ ಅಜ್ಜಿಯರು ಬಲ್ಲರು, ತಮಗೆ ಒಲಿದ ಕವಡೆಗಳನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ.) ಬಿದ್ದುದು ದೈವ, ಯಾವ ಕಾಯಿಯನ್ನು ನಡೆಸಬೇಕು, ಯಾವುದನ್ನು ಕಟ್ಟೆಯ ಮನೆಯಲ್ಲಿ ಕಾಪಾಡಬೇಕು ಎಂಬುದು ಪುರುಷಪ್ರಯತ್ನ.

ಇನ್ನು, ಆಟದ ಆಕಾಶಕ್ಕೂ ನಿಜವಾದ ಆಕಾಶಕ್ಕೂ ಎಷ್ಟು ದೂರ? ಕೆಲವು ಕಡೆ ಆಟಗಳು ಸುಳ್ಳು ಹೇಳುತ್ತವೆ. ಕ್ಷುದ್ರಗ್ರಹಗಳ ಪಟ್ಟಿಯನ್ನು ಹೊಕ್ಕ ನೌಕೆಗೆ ಕಲ್ಲಿನ ಮಳೆಯೇ ಗತಿಯೆಂದು ಅವು ತೋರಿಸುತ್ತವೆ. ಅಮೆರಿಕದ ಪಯೊನಿಯರ್ 10 ನೌಕೆ 1972ರಲ್ಲಿ ಆ ಪಟ್ಟಿಯನ್ನು ಹೊಕ್ಕು 1973ರಲ್ಲಿ ಸುಖವಾಗಿ ಹೊರಬಿದ್ದಿತು. ಅಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಲಕ್ಷಾಂತರ ಕಿಲೋಮೀಟರುಗಳ ಬಯಲು. ನೀಹಾರಿಕೆಯೂ ಹೊಗೆಯಂತೆ ದಟ್ಟವಲ್ಲ. ನಾವು ಉಸಿರಾಡುವ ಗಾಳಿಯ ಎದುರಿಗೆ ಅದು ಶೂನ್ಯವೆಂದೇ ಹೇಳಬೇಕು.

ಆದರೆ ಸೂರ್ಯನ ವಿಷಯದಲ್ಲಿ ಆಟಗಳು ಹೇಳುವುದು ಸುಳ್ಳಲ್ಲ. 1989ರ ಮಾರ್ಚ್ 13ರಂದು ಸೌರಚಂಡಮಾರುತದ ಪೆಟ್ಟಿಗೆ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನರಿಗೆ ವಿದ್ಯುತ್ತು ನಿಂತು, ಒಂಬತ್ತು ಗಂಟೆಗಳ ಕಾಲ ಕತ್ತಲೆ ಕವಿಯಿತು. 2022ರ ಫೆಬ್ರವರಿಯಲ್ಲಿ ಒಂದೇ ಸಲ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳು 49. ಸೂರ್ಯನ ಸಾಮಾನ್ಯ ಚಂಡಮಾರುತವೊಂದು ಮೇಲಣ ವಾಯುಮಂಡಲವನ್ನು ಕಾಯಿಸಿ ಉಬ್ಬಿಸಿದ್ದರಿಂದ, ಇನ್ನೂ ಕೆಳಗಣ ಕಕ್ಷೆಯಲ್ಲಿದ್ದ ಅವುಗಳಿಗೆ ಗಾಳಿಯ ಎಳೆತ ಹೆಚ್ಚಿ 38 ಉಪಗ್ರಹಗಳು ಮೇಲೇರಲಾರದೆ ಉರಿದುಹೋದವು. 2024ರ ಮೇ ತಿಂಗಳಲ್ಲಿ ಬಂದ ಮಹಾಮಾರುತದಿಂದ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಾಯಿತು. ಅದೇ ಹೊತ್ತಿಗೆ, ಉಪಗ್ರಹದ ಸಂಕೇತವನ್ನು ನಂಬಿ ಸಾಲು ಹಿಡಿಯುವ ಅಮೆರಿಕದ ರೈತರ ಟ್ರಾಕ್ಟರುಗಳು ದಾರಿ ತಪ್ಪಿ ಬಿತ್ತನೆ ನಿಂತಿತು. ನಮ್ಮ ಕೂರಿಗೆಗೆ ಅಂಥ ಭಯವಿಲ್ಲವೆಂದು ಹೆಮ್ಮೆಪಡಬೇಡಿ. ನಮಗೆ ಮಳೆಯ ಮುನ್ಸೂಚನೆ ಕೊಡುವುದೂ ಉಪಗ್ರಹಗಳೇ.

ಇದಕ್ಕೆ ಉಪಾಯವೂ ಉಂಟು, ಮತ್ತು ಅದರಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ನೆಲೆಯನ್ನು ಸೇರಿದ ಆದಿತ್ಯ ಎಲ್-1 ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರು ದೂರದಲ್ಲಿ ಸೂರ್ಯನತ್ತ ನೋಡುತ್ತ ನಿಂತಿದೆ. ಅದರ ಮುಖ್ಯ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಸಿದ್ಧಪಡಿಸಿದರು. ಸೆಕೆಂಡಿಗೆ 500 ಕಿಲೋಮೀಟರು ವೇಗದಲ್ಲಿ ಬರುವ ಸೌರಮಾರುತವು ಆ ನೆಲೆಯನ್ನು ದಾಟಿದ ಮೇಲೆ ನಮ್ಮನ್ನು ಮುಟ್ಟಲು 50 ನಿಮಿಷ ಬೇಕು. ನಮ್ಮ ಶಾಲೆಯ ಒಂದು ಪಾಠದ ಅವಧಿಯಷ್ಟೇ ಆಯಿತು. ಆದರೂ ಉಪಗ್ರಹಗಳನ್ನು ಎಚ್ಚರಿಸಲು ಅಷ್ಟು ಹೊತ್ತೂ ಬೆಲೆಯುಳ್ಳದ್ದೇ. 2023ರ ಜುಲೈ 14ರಂದು ಚಂದ್ರಯಾನ-3ರ ಉಡ್ಡಯನವನ್ನು ನಾಲ್ಕು ಸೆಕೆಂಡು ತಡಮಾಡಿದುದೂ, ಕಕ್ಷೆಯಲ್ಲಿ ಸುತ್ತುತ್ತಿದ್ದ ಇನ್ನೊಂದು ವಸ್ತು ಹತ್ತಿರ ಬರದಿರಲೆಂಬ ಎಚ್ಚರಿಕೆಯಿಂದಲೇ. ನಾಲ್ಕು ಸೆಕೆಂಡು! ಪಗಡೆಯಾಡುವವನು ದಾಳವನ್ನು ಅಂಗೈಯಲ್ಲಿ ಉಜ್ಜಿಕೊಳ್ಳುವಷ್ಟು ಹೊತ್ತು.

ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರನ್ನು ಇಲ್ಲಿ ನೆನೆಯದಿರಲಾರೆವು. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಕಕ್ಷೆಗೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ದೋಷದಿಂದ ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಉಪಗ್ರಹ ಮಾತ್ರ ಸುತ್ತುತ್ತಿತ್ತು. ಅದನ್ನು ನಿಯಂತ್ರಿಸುವ, ಅದರ ಸಂಕೇತವನ್ನು ಹಿಡಿಯುವ ಅಭ್ಯಾಸ ನಮ್ಮವರಿಗೆ ಕೈಗೂಡಿತು. 1979ರಲ್ಲಿ ಭಾಸ್ಕರ ಹಾರಿತು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದ ಮೇಲೆ ಮಕ್ಕಳು ತಾವೇ ಒಂದು ಆಟವನ್ನು ಕಟ್ಟುವುದಾಗಿ ಹೊರಟರು. ರಟ್ಟಿನ ಹಾಸು, ಬಣ್ಣದ ಗುಂಡಿಗಳು, ನಾಲ್ಕು ಕವಡೆ, ಆಕಸ್ಮಿಕಗಳಿಗೆ ಬೇರೆ ಚೀಟಿಗಳು. ನಾವು ಹಾಕಿದ ಷರತ್ತು ಒಂದೇ: ಚೀಟಿಗಳ ಮೇಲಿನ ಬರಹ ಕನ್ನಡದಲ್ಲಿರಬೇಕು. ಹುಡುಗನಿಗೆ ಎಲ್ಲ ಹೆಸರುಗಳೂ ಇಂಗ್ಲಿಷಿನಲ್ಲಿ ಬಾಯಿಗೆ ಬರುತ್ತಿದ್ದವು. ನೀಹಾರವೆಂದರೆ ಮಂಜು, ನೀಹಾರಿಕೆಯೆಂದರೆ ಆಕಾಶದ ಮಂಜು ಎಂದು ಬಿಡಿಸಿ ಹೇಳಿದಾಗ ಅವನು, "ಇಷ್ಟು ಸಲೀಸೇ!" ಎಂದನು. ಆ ಉದ್ಗಾರ ನಮ್ಮ ಇಪ್ಪತ್ತು ವರ್ಷದ ಸಂಬಳಕ್ಕಿಂತ ದೊಡ್ಡದು.

2022ರ ಡಿಸೆಂಬರಿನಲ್ಲಿ ಹೈದರಾಬಾದಿನ ಟಾಟಾ ಸಂಸ್ಥೆಯ ಬಲೂನು ಕೇಂದ್ರದಿಂದ ಹಾರಿದ ದೊಡ್ಡದೊಂದು ಗೂಡು ವಿಕಾರಾಬಾದ್ ಜಿಲ್ಲೆಯ ಹೊಲದಲ್ಲಿ ಇಳಿದು, ಜನ ಗುಂಪುಗೂಡಿ ಬೆರಗಾದುದು ತಾಂಡೂರಿನ ಕಡೆಯವರಿಗೆ ನೆನಪಿರಬಹುದು. ಅದಕ್ಕೂ ಒಂದು ಚೀಟಿಯಾಯಿತು. ಆಲಿಕಲ್ಲಿನ ಚೀಟಿಯ ಮೇಲೆ ಮಾತ್ರ ಜಗಳ ಹತ್ತಿತು. ಅದು ಬಂದವನ ಗ್ರಹದ ಬೆಳೆಯೆಲ್ಲ ಹೋಗಬೇಕೆಂದು ಹುಡುಗರು ಬರೆದಿದ್ದರು. ನಾರಾಯಣಖೇಡದ ಕಡೆಯ ಹುಡುಗಿಯೊಬ್ಬಳು ಆ ಚೀಟಿಯನ್ನು ಹರಿದುಹಾಕಿದಳು. ಹಿಂದಿನ ಮಾರ್ಚಿಯಲ್ಲಿ ಅವರ ಮನೆಯ ಜೋಳ ಆಲಿಕಲ್ಲಿಗೆ ನೆಲ ಕಚ್ಚಿತ್ತೆಂಬುದು ನಮಗೆ ಆಮೇಲೆ ತಿಳಿಯಿತು. ನಾವು ಗದರಿಸಲು ಹೋದೆವು. ಅವಳು ಅಳುತ್ತಲೇ ಬೇರೊಂದು ಚೀಟಿ ಬರೆದಳು: ಮೋಡ ಒಂದು ಸುತ್ತು ಮೊದಲೇ ಕಾಣಬೇಕು. ಬೆಳೆ ಹೋದವನಿಗೆ ಬೇರೆಯವರು ಬೀಜದ ಕಾಳನ್ನು ಕೊಡಬಹುದು, ಕೊಟ್ಟವರು ತಿರುಗಿ ಕೇಳಬಾರದು. "ಎದುರಾಳಿಗೆ ಯಾಕೆ ಕೊಡಬೇಕು?" ಎಂದು ಹುಡುಗರು ಕೇಳಿದರು. "ನಮಗೆ ಕೊಟ್ಟಿದ್ದರು," ಎಂದಳು. ನಿಯಮ ಉಳಿಯಿತು.

ಇನ್ನೊಂದು ಚೀಟಿಯನ್ನು ಇಡಬೇಕೋ ಬೇಡವೋ ಎಂದು ನಾವೇ ಎರಡು ದಿನ ಹಿಂದುಮುಂದು ನೋಡಿದೆವು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡ ಪ್ರದೇಶಗಳೂ ಗುಲಬರ್ಗಾ ಜಿಲ್ಲೆಯಿಂದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದ ಪಾಠವನ್ನು ಓದಿದ ಮಕ್ಕಳು, "ಗಡಿ ಬದಲಾಯಿತು" ಎಂದು ಒಂದು ಚೀಟಿ ಬರೆದಿದ್ದರು. ಅದು ಬಂದರೆ ಗ್ರಹ ಇದ್ದಲ್ಲಿಯೇ ಇರುತ್ತದೆ, ಜನರೂ ಅವರೇ, ಹೊಲವೂ ಅದೇ. ಹಾಸಿನ ಮೇಲಿನ ಗೆರೆ ಮಾತ್ರ ಸರಿಯುತ್ತದೆ. ಆ ಗ್ರಹದಲ್ಲಿ ಶಾಲೆಯ ಗುಂಡಿ ಇದ್ದರೆ ಅದನ್ನು ಯಾರೂ ತೆಗೆಯಬಾರದು. ಆದರೆ ಅದನ್ನು ಉಳಿಸಿಕೊಳ್ಳಲು ಹಳೆಯ ಒಡೆಯನಾಗಲಿ ಹೊಸ ಒಡೆಯನಾಗಲಿ ಪ್ರತಿ ಸುತ್ತಿಗೂ ಒಂದು ಕಾಳನ್ನು ಕೊಡುತ್ತಿರಬೇಕು, ಇಬ್ಬರೂ ಮರೆತರೆ ಗುಂಡಿ ಹೋಗುತ್ತದೆ. ಈ ನಿಯಮವನ್ನು ನಾವು ಹೇಳಿಕೊಟ್ಟುದಲ್ಲ. ಚೀಟಿಯನ್ನು ಇಟ್ಟೆವು. ಇದುವರೆಗೆ ಏಳು ಸಲ ಆಡಿದ್ದಾರೆ. ಮೊದಲ ಎರಡು ಆಟಗಳಲ್ಲಿ ಮರೆತು ಗುಂಡಿ ಹೋಯಿತು, ಆಮೇಲೆ ಯಾರೋ ಒಬ್ಬರು ನೆನಪಿಟ್ಟುಕೊಂಡು ಕಾಳನ್ನು ಇಡುತ್ತಿದ್ದಾರೆ. ಮೊನ್ನೆ ಶನಿವಾರ ಸೋಲುತ್ತಿದ್ದ ಆ ಹುಡುಗನೇ ಕೊನೆಯ ಕಾಳನ್ನು ಅಲ್ಲಿ ಇಟ್ಟನು, ಆಟ ಸೋತನು.

ಹಾಸನ್ನು ಹೊರಗಿನ ಜಗಲಿಯ ಮೇಲೆ ಹರಡಿದ್ದಾರೆ. ಆರು ಜನ ಕೂರಬಹುದು. ತಾಯಂದಿರು ಕುಳಿತರೆ ಮಕ್ಕಳಿಗೆ ಸಂತೋಷ. ಕವಡೆಗಳು ನಮ್ಮ ಅಜ್ಜಿಯವು. ಎದ್ದು ಹೋಗುವಾಗ ನಾಲ್ಕನ್ನೂ ಎಣಿಸಿ ಡಬ್ಬಿಗೆ ಹಾಕಬೇಕಾಗಿ ಪ್ರಾರ್ಥನೆ.