ಮೈನಸ್ 20ರ ಚಳಿಯಲ್ಲಿ ಸೀಸಾ ಆಡೋರು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ನೀವು ಬಸ್ಸಲ್ಲಿ ಕೂತಿದ್ದೀರೋ, ಮೆಟ್ರೋದಲ್ಲಿ ನೇತಾಡ್ತಿದ್ದೀರೋ, ಅಡುಗೆಮನೇಲಿ ಪಾತ್ರೆ ತೊಳೀತಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಸರಿ, ಒಂದು ಹದಿನೈದು ನಿಮಿಷ ಜೊತೆಗಿರಿ.

ಇವತ್ತಿನ ಪ್ರಶ್ನೆ ಇದು. ಹೊರಗೆ ಮೈನಸ್ 20 ಡಿಗ್ರಿ. ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿ ಆಯ್ತು. ಆಫೀಸ್ ಮುಗಿಸಿದವರು ತಲೆ ತಗ್ಗಿಸಿಕೊಂಡು ಸೀದಾ ಮನೆಗೆ ಓಡ್ತಿದ್ದಾರೆ. ಇಂಥ ಜನರನ್ನ ನಡುರಸ್ತೇಲಿ ನಿಲ್ಲಿಸಿ, ಮುಖಪರಿಚಯವೇ ಇಲ್ಲದ ಇನ್ನೊಬ್ಬರ ಜೊತೆ ಆಟ ಆಡಿಸೋದು ಹೇಗೆ?

ಕೆನಡಾದ ಕೆಲವು ಊರುಗಳು ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡಿವೆ. ಉತ್ತರದ ಹೆಸರು ಸಾರ್ವಜನಿಕ ಕಲೆ. ಪೀಠದ ಮೇಲೆ ನಿಲ್ಲಿಸಿ ‘ಮುಟ್ಟಬೇಡಿ’ ಅಂತ ಬೋರ್ಡ್ ಹಾಕೋ ಕಲೆ ಅಲ್ಲ. ಮುಟ್ಟದೇ ಇದ್ರೆ, ಕೂರದೇ ಇದ್ರೆ, ತಳ್ಳದೇ ಇದ್ರೆ ಏನೂ ಆಗದಂಥ ಕಲೆ.

ನನಗೆ ಇದರ ಬಗ್ಗೆ ಕುತೂಹಲ ಹುಟ್ಟಿದ್ದು ಕಲೆಯಿಂದಲ್ಲ. ನಮ್ಮ ಚಿಕ್ಕಮ್ಮನ ಮಗ ಅಲ್ಲಿ ಓದ್ತಿದ್ದಾನೆ. ಮೊದಲ ಚಳಿಗಾಲದಲ್ಲಿ ಫೋನ್ ಮಾಡಿದಾಗ ಹೇಳಿದ್ದ: ‘ಅಕ್ಕಾ, ಚಳಿ ತಡ್ಕೋಬಹುದು, ಜಾಕೆಟ್ ಇದೆ. ಆದ್ರೆ ಬೆಳಿಗ್ಗೆಯಿಂದ ರಾತ್ರಿವರೆಗೂ ಒಬ್ಬರ ಹತ್ರನೂ ಮಾತಾಡದೇ ದಿನ ಮುಗಿದುಹೋಗುತ್ತಲ್ಲ, ಅದಕ್ಕೇನು ಹಾಕ್ಕೊಳ್ಳೋದು?’ ಕರ್ನಾಟಕದಿಂದ ಓದೋಕೆ, ಕೆಲಸಕ್ಕೆ ಅಂತ ಅಲ್ಲಿಗೆ ಹೋದ ಎಷ್ಟೋ ಮಕ್ಕಳ ಮಾತು ಇದು. ಹಾಗಾಗಿ ಇವತ್ತು ನಾನು ಈ ಕಲೆಯನ್ನ ನೋಡೋದು ಆ ಕಡೆಯಿಂದ. ಒಂಟಿಯಾಗಿರೋ ಮನುಷ್ಯನಿಗೆ ಇದು ಏನಾದ್ರೂ ಮಾಡುತ್ತಾ?

ಒಬ್ಬರೇ ಕೂತರೆ ಅದು ಬೆಂಚು

ಮೊದಲು ಮಾಂಟ್ರಿಯಲ್‌ಗೆ ಹೋಗೋಣ. ಊರಿನ ನಡುವೆ ಪ್ಲಾಸ್ ದೆ ಫೆಸ್ಟಿವಾಲ್ ಅಂತ ಒಂದು ದೊಡ್ಡ ಚೌಕ ಇದೆ. ಬೇಸಿಗೆಯಲ್ಲಿ ಜಾಝ್ ಉತ್ಸವಕ್ಕೆ ಅಲ್ಲಿ ಕಾಲಿಡೋಕೂ ಜಾಗ ಇರಲ್ಲ. ಚಳಿಗಾಲ ಬಂತು ಅಂದ್ರೆ ಬರೀ ಗಾಳಿ. ಈ ಖಾಲಿತನಕ್ಕೆ ಅಂತಲೇ 2010ರಲ್ಲಿ ‘ಲುಮಿನೊಥೆರಪಿ’ ಅನ್ನೋ ಚಳಿಗಾಲದ ಸ್ಪರ್ಧೆ ಮತ್ತು ಪ್ರದರ್ಶನ ಶುರುವಾಯ್ತು. ಹೆಸರಿನ ಅರ್ಥ ಬೆಳಕಿನ ಚಿಕಿತ್ಸೆ. ಬಿಸಿಲು ಸಿಗದೆ ಮಂಕಾಗೋರಿಗೆ ಪ್ರಕಾಶಮಾನವಾದ ದೀಪದ ಮುಂದೆ ಕೂರಿಸೋ ಚಿಕಿತ್ಸೆ ಇದೆಯಲ್ಲ, ಹೆಸರು ಅಲ್ಲಿಂದಲೇ ಬಂದಿದ್ದು.

2015ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಬಂದ ಕೃತಿಯ ಹೆಸರು ‘ಇಂಪಲ್ಸ್’. ಲ್ಯಾಟರಲ್ ಆಫೀಸ್ ಅನ್ನೋ ಟೊರಾಂಟೊದ ವಾಸ್ತುಶಿಲ್ಪಿಗಳು, ಸಿಎಸ್ ಡಿಸೈನ್ ಅನ್ನೋ ಮಾಂಟ್ರಿಯಲ್‌ನ ಬೆಳಕಿನ ವಿನ್ಯಾಸಕಾರರು ಸೇರಿ ಮಾಡಿದ್ದು. ಏನು ಗೊತ್ತಾ ಅದು? 30 ಸೀಸಾ. ನಾವು ಸ್ಕೂಲಿನ ಮೈದಾನದಲ್ಲಿ ಆಡ್ತಿದ್ವಲ್ಲ, ಅದೇ. ಆದ್ರೆ ಹಲಗೆಯೊಳಗೆ ಎಲ್‌ಇಡಿ ದೀಪ, ಜೊತೆಗೆ ಸ್ಪೀಕರ್. ಮೇಲೆ ಕೆಳಗೆ ಆಡಿಸಿದ ಹಾಗೆಲ್ಲ ಬೆಳಕಿನ ತೀವ್ರತೆ ಬದಲಾಗುತ್ತೆ, ಸ್ವರಗಳು ಹೊರಡುತ್ತವೆ. ಮೂವತ್ತೂ ಒಟ್ಟಿಗೆ ಆಡ್ತಿದ್ರೆ ಇಡೀ ಚೌಕವೇ ಒಂದು ವಾದ್ಯ.

ತಂತ್ರಜ್ಞಾನ ಪಕ್ಕಕ್ಕಿಡಿ. ನನಗೆ ಹಿಡಿಸಿದ್ದು ಅವರು ಸೀಸಾವನ್ನೇ ಆರಿಸಿಕೊಂಡಿದ್ದು. ಸೀಸಾ ಮೇಲೆ ಒಬ್ಬರೇ ಕೂತರೆ ಅದು ಬರೀ ಬೆಂಚು. ಆ ತುದೀಲಿ ಇನ್ನೊಬ್ಬರು ಬಂದು ಕೂರೋವರೆಗೂ ದೀಪ ಸರಿಯಾಗಿ ಹೊತ್ತೋದಿಲ್ಲ, ಸ್ವರ ಹೊರಡೋದಿಲ್ಲ. ಒಂಟಿಯಾಗಿ ಬಂದವರು ‘ಸ್ವಲ್ಪ ಆ ಕಡೆ ಕೂರ್ತೀರಾ?’ ಅಂತ ಕೇಳಬೇಕು. ಸಾಮಾನ್ಯ ದಿನ ಅಪರಿಚಿತರ ಹತ್ರ ಹೋಗಿ ಹೀಗೆ ಕೇಳೋಕಾಗುತ್ತಾ? ಇಲ್ಲ. ಇಲ್ಲಿ ಕೇಳಬಹುದು, ಯಾಕಂದ್ರೆ ಕೇಳೋಕೆ ಒಂದು ನೆಪ ಇದೆ. ಆ ನೆಪವನ್ನೇ ಅವರು ಕಟ್ಟಿ ನಿಲ್ಲಿಸಿದ್ದು.

ಇದಕ್ಕೆ ಅದೇ ಊರಲ್ಲಿ ಒಬ್ಬ ಅಕ್ಕ ಇದ್ದಾಳೆ ಅನ್ನಬಹುದು. 2011ರ ವಸಂತದಲ್ಲಿ, ಅಲ್ಲೇ ಹತ್ತಿರದಲ್ಲಿ, ‘ಡೈಲಿ ತು ಲೆ ಜೂರ್’ ಅನ್ನೋ ಸ್ಟುಡಿಯೊ 21 ಉಯ್ಯಾಲೆಗಳನ್ನ ಸಾಲಾಗಿ ಕಟ್ಟಿತ್ತು. ಒಂದೊಂದು ಉಯ್ಯಾಲೆಗೂ ಒಂದೊಂದು ಸ್ವರ. ಒಬ್ಬರೇ ಆಡಿದ್ರೆ ಬರೋದು ಬಿಡಿ ಸ್ವರ ಮಾತ್ರ. ಅಕ್ಕಪಕ್ಕದವರು ಒಂದೇ ಲಯದಲ್ಲಿ ತೂಗಿದ್ರೆ ಮಾತ್ರ ಕೆಲವು ರಾಗಗಳು ಹೊರಬರ್ತಿದ್ವು. ಇದನ್ನ ರೂಪಿಸುವಾಗ ಅವರು ಸಂಗೀತಗಾರರ ಜೊತೆಗೆ ಲುಕ್-ಅಲೆನ್ ಜಿರಾಲ್ಡೊ ಅನ್ನೋ ಪ್ರಾಣಿವರ್ತನೆಯ ವಿಜ್ಞಾನಿಯನ್ನೂ ಕೂರಿಸಿಕೊಂಡಿದ್ರು. ಜೀವಿಗಳು ಯಾವಾಗ ಪೈಪೋಟಿ ಬಿಟ್ಟು ಸಹಕಾರಕ್ಕೆ ಇಳಿಯುತ್ತವೆ ಅನ್ನೋದು ಅವರಿಗೆ ಬೇಕಾದ ಪ್ರಶ್ನೆಯಾಗಿತ್ತು.

ಉತ್ತರ ಕರ್ನಾಟಕದವರು ಈಗ ನಗ್ತಿರಬಹುದು. ನಾಗರ ಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟಿ, ಇಬ್ಬರು ಎದುರುಬದುರು ನಿಂತು ಜೀಕೋದು ನಮಗೇನು ಹೊಸದಾ? ಹೊಸದಲ್ಲ. ವ್ಯತ್ಯಾಸ ಒಂದೇ. ಪಂಚಮಿ ಜೋಕಾಲೀಲಿ ಎದುರಿಗೆ ನಿಲ್ಲೋಳು ನಿಮ್ಮ ಓಣಿಯ ಗೆಳತಿ, ಇಲ್ಲಾ ತವರಿಗೆ ಬಂದ ಅಕ್ಕ. ಮಾಂಟ್ರಿಯಲ್‌ನ ಚೌಕದಲ್ಲಿ ಎದುರಿಗೆ ಕೂರೋರು ಯಾರೋ. ಪರಸ್ಪರ ಹೆಸರೇ ಗೊತ್ತಿಲ್ಲದ ಲಕ್ಷಾಂತರ ಜನ ಇರೋ ನಗರದಲ್ಲಿ ಜೋಕಾಲಿ ಕಟ್ಟೋದು ಬೇರೆಯೇ ಕೆಲಸ.

ಕೈಗವಸು ಹಾಕಿದ ಕೈಗೆ ಕಲೆ

ಈಗ ಇಂಜಿನಿಯರಿಂಗ್ ಮಾತು. ನಾನು ಬಿಕಾಂ, ಆದ್ರೂ ಇದು ಹೇಳಲೇಬೇಕು.

ನಿಮ್ಮ ಫೋನ್ ಸ್ಕ್ರೀನನ್ನ ಮಾಮೂಲಿ ಉಣ್ಣೆ ಕೈಗವಸು ಹಾಕ್ಕೊಂಡು ಮುಟ್ಟಿ ನೋಡಿ. ಕೆಲಸ ಮಾಡಲ್ಲ. ಸ್ಕ್ರೀನಿಗೆ ನಿಮ್ಮ ಚರ್ಮದ ವಿದ್ಯುತ್ ಗುಣ ಬೇಕು, ಉಣ್ಣೆಯಲ್ಲಿ ಅದಿಲ್ಲ. ಹಾಗಾಗಿ ಚಳಿಗಾಲದ ಕಲೆಯಲ್ಲಿ ಟಚ್‌ಸ್ಕ್ರೀನ್ ಇಟ್ರೆ ಯಾರೂ ಬಳಸಲ್ಲ. ಕೈಗವಸು ತೆಗೀರಿ ಅಂತ ಮೈನಸ್ 20ರಲ್ಲಿ ಹೇಳೋಕಾಗಲ್ಲ. ಸಣ್ಣ ಬಟನ್ ಕೂಡ ಆಗಲ್ಲ. ಉಳಿಯೋದು ಇಡೀ ಮೈ: ಕೂರೋದು, ತಳ್ಳೋದು, ಎಳೆಯೋದು, ತೂಗೋದು.

ಇನ್ನೊಂದು, ಬ್ಯಾಟರಿ. ಚಳೀಲಿ ಅದರ ಸಾಮರ್ಥ್ಯ ಇಳಿದುಹೋಗುತ್ತೆ. ಅದನ್ನೇ ನಂಬಿ ಕೂತರೆ ರಾತ್ರಿ ಹಬ್ಬದ ಹೊತ್ತಿಗೇ ದೀಪ ಆರುತ್ತೆ. ಕಬ್ಬಿಣದ ಹಿಡಿ ಬರಿಗೈಗೆ ಅಂಟಿಕೊಂಡು ಚರ್ಮ ಕೀಳಬಹುದು, ಅದಕ್ಕೇ ಮರ ಅಥವಾ ಸುತ್ತು ಹಾಕಿದ ಹಿಡಿ ಬೇಕು. ಕೆಲವು ಪ್ಲಾಸ್ಟಿಕ್ ಗಾಜಿನ ಹಾಗೆ ಚಟ್ ಅಂತ ಮುರಿಯುತ್ತೆ. ಹಿಮ ಕರಗಿಸೋಕೆ ರಸ್ತೆಗೆ ಎರಚೋ ಉಪ್ಪು ಶೂ ಜೊತೆ ಬಂದು ಲೋಹವನ್ನ ತಿನ್ನುತ್ತೆ. ಹಿಮದ ಭಾರ, ಗಾಳಿಯ ಹೊಡೆತ ಲೆಕ್ಕ ಹಾಕದೇ ಕಟ್ಟಿದ್ದು ಮೊದಲ ವಾರವೇ ಮಲಗುತ್ತೆ.

ಈ ಕಷ್ಟವನ್ನೇ ಚೆನ್ನಾಗಿ ಬಳಸಿಕೊಂಡಿದ್ದು 2016-17ರ ಲುಮಿನೊಥೆರಪಿಯ ‘ಲೂಪ್’. 13 ದೊಡ್ಡ ಉರುಳೆಗಳು, ಒಳಗೆ ಸುತ್ತಲೂ ಚಿತ್ರಗಳು. ಸಿನಿಮಾ ಹುಟ್ಟೋಕೆ ಮುಂಚೆ ಜೋಟ್ರೋಪ್ ಅಂತ ಒಂದು ಆಟಿಕೆ ಇತ್ತು, ತಿರುಗಿಸಿದ್ರೆ ಚಿತ್ರಗಳು ಓಡೋ ಹಾಗೆ ಕಾಣೋದು. ಅದರದ್ದೇ ದೈತ್ಯ ರೂಪ ಇದು. ಉರುಳೆ ಒಳಗೆ ಕೂತು, ರೈಲ್ವೆ ಹಳಿ ಮೇಲಿನ ಹಳೇ ಕೈಗಾಡಿ ತರದ ಸನ್ನೆಯನ್ನ ಮುಂದೆ ಹಿಂದೆ ಎಳೆದಾಡಬೇಕು. ನೀವು ಜೋರು ಮಾಡಿದ್ರೆ ಕಥೆಯೂ ಜೋರು, ನಿಧಾನ ಮಾಡಿದ್ರೆ ನಿಧಾನ. ಎರಡು ನಿಮಿಷ ಎಳೆದಾಡಿ, ಮೈ ಬೆಚ್ಚಗಾಗುತ್ತೆ. ಚಳಿಗೆ ಹೀಟರ್ ಇಡೋ ಬದಲು ಜನರ ಮೈಗೇ ಕೆಲಸ ಕೊಟ್ಟಿದ್ದಾರೆ.

ರಜೆ ಮೇಲಿರೋ ಕುರ್ಚಿಗಳು

ಟೊರಾಂಟೊ ಕಥೆ ನನ್ನಂಥ ಕಾಮರ್ಸ್‌ನವರಿಗೆ ಇಷ್ಟ ಆಗೋದು. ಅಲ್ಲಿ ಒಂಟಾರಿಯೊ ಸರೋವರದ ದಂಡೇಲಿ ಬೀಚ್ ಇದೆ. ಈಜೋರನ್ನ ಕಾಯೋ ಲೈಫ್‌ಗಾರ್ಡ್‌ಗಳಿಗೆ ಎತ್ತರದ ಲೋಹದ ಕುರ್ಚಿಗಳಿವೆ. ಬೇಸಿಗೆ ಮುಗಿದ ಮೇಲೆ ತಿಂಗಳುಗಟ್ಟಲೆ ಅವು ಸುಮ್ಮನೆ ನಿಂತಿರ್ತವೆ. ನಮ್ಮ ಭಾಷೇಲಿ ಹೇಳಬೇಕಂದ್ರೆ ಐಡಲ್ ಅಸೆಟ್. ದುಡ್ಡು ಆಗಲೇ ಖರ್ಚಾಗಿದೆ, ಉಪಯೋಗ ಮಾತ್ರ ಸೊನ್ನೆ.

2015ರಲ್ಲಿ ‘ವಿಂಟರ್ ಸ್ಟೇಷನ್ಸ್’ ಅನ್ನೋ ಸ್ಪರ್ಧೆ ಇದನ್ನೇ ಹಿಡೀತು. ಯಾವ ದೇಶದವರಾದ್ರೂ ವಿನ್ಯಾಸ ಕಳಿಸಿ, ಒಂದೇ ಷರತ್ತು, ಈ ಕುರ್ಚಿಯನ್ನ ಆಧಾರ ಮಾಡಿಕೊಳ್ಳಿ. ಮೊದಲ ವರ್ಷವೇ ಕುರ್ಚಿ ಸುತ್ತ ಉಯ್ಯಾಲೆಗಳು ತೂಗಿದ್ವು, ತೇಲಿಬಂದ ಮರದ ತುಂಡುಗಳಿಂದ ಸಿಂಹಾಸನ ಎದ್ದಿತು, ಗಾಳಿ ತಪ್ಪಿಸಿಕೊಳ್ಳೋಕೆ ಗೂಡುಗಳಾದ್ವು. ಮರುವರ್ಷ ಒಂದು ಕರಡಿ ಬಂತು. ಹೊರಗೆ ಸುಟ್ಟ ಮರ, ಒಳಗೆ ಮೆತ್ತನೆಯ ತುಪ್ಪಳ. ಕರಡಿ ಹೊಟ್ಟೆಯೊಳಗೆ ಹತ್ತಿ ಕೂತರೆ ಪಕ್ಕದವರಿಗೆ ಒತ್ತಿಕೊಂಡೇ ಕೂರಬೇಕು. ಫೆಬ್ರವರಿ ಮೂರನೇ ಸೋಮವಾರ ಅಲ್ಲಿ ಫ್ಯಾಮಿಲಿ ಡೇ ರಜೆ. ಉದ್ಘಾಟನೆ ಆ ದಿನಕ್ಕೆ, ಪ್ರವೇಶ ಉಚಿತ.

ಇದರಿಂದ ಕಲಿಯೋದು ಏನಂದ್ರೆ, ಒಳ್ಳೆ ಸಾರ್ವಜನಿಕ ಕಲೆ ಶುರುವಾಗೋದು ‘ಏನು ಮಾಡೋಣ’ ಅನ್ನೋದ್ರಿಂದ ಅಲ್ಲ. ‘ಯಾವ ಜಾಗ ಸುಮ್ಮನೆ ಬಿದ್ದಿದೆ’ ಅನ್ನೋದ್ರಿಂದ.

ಗಿರಾಕಿ ಹಿಡಿಯೋ ಗಾಳವಾ?

ಇಲ್ಲಿ ಒಂದು ಕಹಿ ಪ್ರಶ್ನೆ ಕೇಳಲೇಬೇಕು. ಇದಕ್ಕೆಲ್ಲ ದುಡ್ಡು ಯಾಕೆ ಹಾಕ್ತಾರೆ? ಪ್ರೀತಿಗಾ? ಚಳಿಗಾಲದಲ್ಲಿ ಜನ ಪೇಟೆಗೆ ಬರದಿದ್ರೆ ಹೋಟೆಲು, ಅಂಗಡಿಗಳಿಗೆ ಹೊಡೆತ. ಸೀಸಾ ಆಡೋಕೆ ಬಂದವರು ಪಕ್ಕದಲ್ಲಿ ಕಾಫಿ ಕುಡೀತಾರೆ. ‘ಇಂಪಲ್ಸ್’ ಆಮೇಲೆ ಬೇರೆ ಊರುಗಳಿಗೂ ಪ್ರವಾಸ ಹೋಯ್ತು. 2020ರ ಜನವರಿಯಲ್ಲಿ ಅದರ 12 ಸೀಸಾಗಳು ನ್ಯೂಯಾರ್ಕ್‌ನ ಬ್ರಾಡ್‌ವೇ ರಸ್ತೇಲಿ, ಗಾರ್ಮೆಂಟ್ ಡಿಸ್ಟ್ರಿಕ್ಟ್‌ನಲ್ಲಿದ್ವು. ಒಂದು ಸಲ ಮಾಡಿದ ಖರ್ಚನ್ನ ಹಲವು ಸೀಸನ್‌ಗಳಿಗೆ ಹಂಚೋದು, ಪಕ್ಕಾ ಲೆಕ್ಕಾಚಾರ.

ಲೆಕ್ಕ ಇದ್ದ ಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳಲ್ಲ. ನಮ್ಮ ಜಾತ್ರೆಯಲ್ಲೂ ರಥದ ಪಕ್ಕ ಮಂಡಕ್ಕಿ ಅಂಗಡಿ, ಬಳೆ ಅಂಗಡಿ ಇರ್ತವೆ. ನನ್ನ ಪರೀಕ್ಷೆ ಎರಡು ಪ್ರಶ್ನೆಯದ್ದು. ಜೇಬಲ್ಲಿ ಒಂದು ರೂಪಾಯಿ ಇಲ್ಲದವರೂ ಅಲ್ಲಿ ಪೂರ್ತಿ ಆಟ ಆಡಬಹುದಾ? ಮತ್ತೆ, ಅದು ನಿಮ್ಮಿಂದ ಕೇಳೋದು ಫೋಟೋ ಮಾತ್ರಾನಾ, ಅಥವಾ ಇನ್ನೊಬ್ಬ ಮನುಷ್ಯನನ್ನಾ? ದೊಡ್ಡ ರೆಕ್ಕೆ ಚಿತ್ರದ ಮುಂದೆ ನಿಂತು ಸೆಲ್ಫಿ ತಗೊಂಡು ಹೋಗೋದಕ್ಕೆ ಯಾರೂ ಬೇಡ. ಸೀಸಾಗೆ ಬೇಕು.

ಚಳಿಗಾಲವೇ ಕಡಿಮೆಯಾದ್ರೆ?

ಇದೆಲ್ಲ ನಿಂತಿರೋದು ಚಳಿಯ ಮೇಲೆ. ವಿನಿಪೆಗ್ ಊರಲ್ಲಿ ಹೆಪ್ಪುಗಟ್ಟಿದ ನದಿ ಮೇಲೇ ಸ್ಕೇಟಿಂಗ್ ದಾರಿ ಮಾಡ್ತಾರೆ. ಅದರುದ್ದಕ್ಕೂ 2010ರಿಂದ ‘ವಾರ್ಮಿಂಗ್ ಹಟ್ಸ್’ ಅಂತ ವಾಸ್ತುಶಿಲ್ಪಿಗಳು, ಕಲಾವಿದರು ಮಾಡಿದ ಗುಡಿಸಲುಗಳು. ಸ್ಕೇಟ್ ಮಾಡೋರು ಗಾಳಿ ತಪ್ಪಿಸಿಕೊಂಡು ಅಲ್ಲಿ ಕೂರ್ತಾರೆ. ಫ್ರಾಂಕ್ ಗೆಹ್ರಿ, ಅನಿಶ್ ಕಪೂರ್ ಅಂಥ ದೊಡ್ಡ ಹೆಸರುಗಳೂ ಅಲ್ಲಿ ಕೆಲಸ ಮಾಡಿವೆ. ಆದ್ರೆ ನದಿ ಗಟ್ಟಿಯಾಗದಿದ್ರೆ? ಒಟ್ಟಾವಾ ಊರಿನ ರಿಡೋ ಕಾಲುವೆಯ ಪ್ರಸಿದ್ಧ ಸ್ಕೇಟಿಂಗ್ ದಾರಿ 2022-23ರಲ್ಲಿ ಒಂದು ದಿನವೂ ತೆರೆಯಲಿಲ್ಲ. ಅರ್ಧ ಶತಮಾನದ ಇತಿಹಾಸದಲ್ಲಿ ಅದೇ ಮೊದಲು. ಮಂಜುಗಡ್ಡೆ ಮೇಲೆ ಹಬ್ಬ ಮಾಡೋರಿಗೆ ಇದು ದೊಡ್ಡ ಎಚ್ಚರಿಕೆ.

ನಮಗೇನು ಸಿಗುತ್ತೆ?

ನಮ್ಮಲ್ಲಿ ಹಿಮ ಇಲ್ಲ, ಪುಣ್ಯ. ಆದ್ರೆ ಜನವರಿಯ ಬೆಂಗಳೂರಲ್ಲಿ ಹೊರಗಡೆ ಓಡಾಡೋಕೆ ಏನು ಚೆಂದ ಇರುತ್ತೆ! ಕುಮಾರಕೃಪಾ ರಸ್ತೇಲಿ ಚಿತ್ರಸಂತೆ ಆಗೋದೂ ಆಗಲೇ. ರಸ್ತೆ ತುಂಬ ಚಿತ್ರ, ರಸ್ತೆ ತುಂಬ ಜನ. ಕಲೆ ನೋಡೋಕೆ ಜನ ಬರಲ್ಲ ಅನ್ನೋ ಮಾತನ್ನ ಅದು ವರ್ಷವರ್ಷ ಸುಳ್ಳು ಮಾಡುತ್ತೆ. ಆದ್ರೆ ಅಲ್ಲಿ ನಾವು ನೋಡ್ತೀವಿ, ಕೊಳ್ತೀವಿ, ಮುಂದೆ ಹೋಗ್ತೀವಿ. ಪಕ್ಕದಲ್ಲಿ ನಡೀತಿರೋರ ಜೊತೆ ಏನೂ ಮಾಡಲ್ಲ. ಬೇರೆ ಊರಿಂದ ಬಂದು ಪಿಜಿಯಲ್ಲಿರೋ ಹುಡುಗ ಹುಡುಗಿಯರಿಗೆ ಬೆಂಗಳೂರಿನ ಭಾನುವಾರವೂ ಮಾತಿಲ್ಲದೇ ಮುಗಿಯುತ್ತೆ. ಅದಕ್ಕೆ ಮೈನಸ್ 20 ಆಗಬೇಕಿಲ್ಲ.

ಕಾಲೇಜು ಫೆಸ್ಟ್‌ಗೋ, ನಿಮ್ಮ ಬಡಾವಣೆಯ ರಾಜ್ಯೋತ್ಸವಕ್ಕೋ ಏನಾದ್ರೂ ಮಾಡೋ ಯೋಚನೆ ಇದ್ರೆ ಮೂರು ಮಾತು. ಮೊದಲು ಸುಮ್ಮನೆ ಬಿದ್ದಿರೋ ಜಾಗ ಹುಡುಕಿ: ಬಳಸದ ಬಸ್ ಸ್ಟಾಪು, ಫ್ಲೈಓವರ್ ಕೆಳಗಿನ ಮೂಲೆ, ಖಾಲಿ ಕಟ್ಟೆ. ಅನುಮತಿ ಯಾರದ್ದು ಬೇಕು ಅಂತ ಆ ದಿನವೇ ವಿಚಾರಿಸಿ. ಎರಡು, ಒಬ್ಬರಿಂದ ಆಗದ ಹಾಗೆ ಮಾಡಿ. ವೀಲ್‌ಚೇರಲ್ಲಿ ಬಂದವರೂ, ಸೀರೆ ಉಟ್ಟವರೂ, ಅಜ್ಜಂದಿರೂ ಆ ಇನ್ನೊಬ್ಬರಾಗೋ ಹಾಗಿರಲಿ. ಮೂರು, ಬಜೆಟ್‌ನಲ್ಲಿ ರಿಪೇರಿಗೆ ಅಂತ ಬೇರೆ ದುಡ್ಡು ಎತ್ತಿಡಿ. ಮುಟ್ಟೋ ವಸ್ತು ಸವೆಯುತ್ತೆ. ಸವೆದಿದೆ ಅಂದ್ರೆ ಜನ ಬಳಸಿದ್ದಾರೆ ಅಂತ ಅರ್ಥ, ಅದಕ್ಕೆ ಬೇಜಾರಾಗಬೇಡಿ. ಮುರಿದಿದ್ದನ್ನ ಮರುದಿನವೇ ಸರಿ ಮಾಡೋರು ಯಾರು ಅನ್ನೋದು ಮಾತ್ರ ಮೊದಲೇ ಬರೆದಿಟ್ಟಿರಿ.

ಈ ವಾರ ನಿಮಗೊಂದು ಕೆಲಸ. ನೀವು ದಿನಾ ಓಡಾಡೋ ದಾರೀಲಿ, ಯಾರೂ ಬಳಸದ ಒಂದು ಜಾಗ ಗುರುತಿಸಿ. ಅಲ್ಲಿ ಇಬ್ಬರು ಅಪರಿಚಿತರು ಸೇರಿದ್ರೆ ಮಾತ್ರ ನಡೆಯೋ ಒಂದು ಆಟ ಯಾವುದಿಡಬಹುದು ಯೋಚಿಸಿ, ವಾಯ್ಸ್ ನೋಟ್ ಕಳಿಸಿ. ಚೆನ್ನಾಗಿರೋದನ್ನ ಮುಂದಿನ ಸಂಚಿಕೇಲಿ ಎಲ್ಲರಿಗೂ ಕೇಳಿಸ್ತೀನಿ. ಬೆಚ್ಚಗಿರಿ, ಸಿಗೋಣ.