ಬೆಟ್ಟದ ಇನ್ನೊಂದು ದರ್ಶನ

ತುಮಕೂರಿನವರು ದೇವರಾಯನದುರ್ಗ ಬೆಟ್ಟಕ್ಕೆ ಹೋಗಿ ನರಸಿಂಹಸ್ವಾಮಿಯ ದರ್ಶನ ಮಾಡಿ ಬರುತ್ತಾರೆ. ಅದೇ ಬೆಟ್ಟದ ಬಂಡೆಗಳ ನಡುವಿನ ಕುರುಚಲು ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ವಾಸವಾಗಿದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಹಕ್ಕಿಯಿಲ್ಲ. ಕಲ್ಲು ಗಣಿ, ಕಾಡ್ಗಿಚ್ಚುಗಳಿಂದ ಅದರ ನೆಲೆ ಕುಗ್ಗುತ್ತಿದೆ.

ನಮ್ಮಷ್ಟಕ್ಕೆ ನಾವು ಹೋದರೆ ಅದು ಕಾಣುವುದು ಕಷ್ಟ. ಬಲ್ಲವರು ಜತೆಗಿದ್ದು, ‘ಸದ್ದು ಮಾಡಬೇಡಿ, ಆ ಕೊಂಬೆ ನೋಡಿ’ ಎಂದಾಗ ಬೂದು ಎದೆ, ಹಳದಿ ಗಂಟಲು ಕಣ್ಣಿಗೆ ಬೀಳುತ್ತವೆ.

ನೋಡುವುದನ್ನು ಕಲಿತರೆ ಕಾಯುವುದೂ ಬರುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮಸ್ಥರು ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಮನೆಮಕ್ಕಳಂತೆ ಕಾಪಾಡಿದ್ದಾರೆ.

ತುಮಕೂರಿನ ಅಮಾನಿಕೆರೆ, ಕುಣಿಗಲ್ ದೊಡ್ಡಕೆರೆ, ಗುಬ್ಬಿಯ ಕೆರೆಯಂಗಳ, ಎಲ್ಲಾದರೂ ಸರಿ, ಈ ಭಾನುವಾರ ಬೆಳಿಗ್ಗೆ ಹಕ್ಕಿ ನೋಡಲು ಮಕ್ಕಳನ್ನು ಬಲ್ಲವರ ಜತೆ ಕರೆದೊಯ್ಯಿರಿ. ಪರಿಚಯವಾದ ಹಕ್ಕಿಯ ಪೊದೆಗೆ ಬೆಂಕಿ ಬಿದ್ದರೆ ಆ ಮಕ್ಕಳು ಸುಮ್ಮನೆ ನೋಡುತ್ತಾ ನಿಲ್ಲಲಾರರು.