ಬಿಲ್ಲಿನಿಂದ ಕಡೆದ ಬೆಂಕಿ

ಮರದೊಳಗೆ ಬೆಂಕಿ ಅಡಗಿದೆ ಎಂಬ ಹೋಲಿಕೆಯನ್ನು ಮೂವತ್ತು ವರ್ಷ ತರಗತಿಗಳಲ್ಲಿ ವಿವರಿಸುತ್ತ ಬಂದವನು ನಾನು. ಉಪನಿಷತ್ತುಗಳಲ್ಲಿ ಅದು ಉಂಟು, ನಮ್ಮ ವಚನಗಳಲ್ಲಿಯೂ ಉಂಟು. ಒಮ್ಮೆ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಅದು ಹೊರಗೆ ಬರುವುದು ಹೇಗೆ ಸಾರ್? ತಾವು ಕಂಡಿದ್ದೀರಾ?" ಎಂದು ಕೇಳಿದ. "ಅರಣಿಯನ್ನು ಕಡೆದರೆ ಬರುತ್ತದೆ, ಕುಳಿತುಕೊ" ಎಂದೆ. ನಾನು ಕಂಡಿರಲಿಲ್ಲ. ಆ ಸಾಲ ನಿವೃತ್ತಿಯ ಬಳಿಕವೂ ತೀರದೆ ಉಳಿದಿತ್ತು.

ಯಜ್ಞಶಾಲೆಯ ಅರಣಿಯನ್ನು ಮೊಸರು ಕಡೆಯುವಂತೆ ಹಗ್ಗ ಸುತ್ತಿ ತಿರುಗಿಸುತ್ತಾರೆ. ಒಬ್ಬನು ಒತ್ತಿ ಹಿಡಿಯಬೇಕು, ಇನ್ನೊಬ್ಬನು ಎಳೆಯಬೇಕು. ಒಂಟಿ ಮನುಷ್ಯನಿಗೆ ಒದಗುವುದು ಬಿಲ್ಲು. ಹಗ್ಗದ ಎರಡು ತುದಿಗಳನ್ನೂ ಒಂದೇ ಕೈಗೆ ಕೊಡುವ ಉಪಾಯವದು. ಬಡಗಿಗಳು ಬಿಲ್ಲಿನಿಂದ ಬೈರಿಗೆ ತಿರುಗಿಸುತ್ತಿದ್ದುದನ್ನು ನನ್ನ ಓರಗೆಯವರು ನೋಡಿಯೇ ಇರುತ್ತಾರೆ. ಈಜಿಪ್ಟಿನಲ್ಲಿ 1922ರಲ್ಲಿ ಪತ್ತೆಯಾದ ತುತಂಖಾಮನ್ ದೊರೆಯ ಸಮಾಧಿಯಲ್ಲಿಯೂ ಬೆಂಕಿ ಕಡೆಯುವ ಇಂತಹ ಸಲಕರಣೆಯೊಂದು ದೊರೆಯಿತು. ಚಿನ್ನದ ಮುಖವಾಡದ ಪ್ರಭೆಯಲ್ಲಿ ಆ ಮರದ ತುಂಡನ್ನು ನೆನೆಯುವವರು ವಿರಳ.

ಕತ್ತಾಳೆಯ ಒಣಗಿದ ಹೂದಂಡಿನಿಂದ ಹಲಗೆಯನ್ನೂ ಹೆಬ್ಬೆರಳು ಗಾತ್ರದ ಕಡ್ಡಿಯನ್ನೂ ಮಾಡಿಕೊಂಡೆ. ಮೇಲಿನಿಂದ ಒತ್ತಿ ಹಿಡಿಯಲು ಎಣ್ಣೆ ಸವರಿದ ತೆಂಗಿನ ಚಿಪ್ಪು. ಹಲಗೆಯಂಚಿನ ಕುಳಿಯಲ್ಲಿ ಕಡ್ಡಿಯನ್ನು ನಿಲ್ಲಿಸಿ ಬಿಲ್ಲನ್ನು ಎಳೆದೆ. ಹೊಗೆ ಬಂದಿತು, ಕಣ್ಣು ಉರಿಯಿತು, ತೋಳು ಸೋತಿತು, ಬೆಂಕಿಯ ಸುಳಿವಿಲ್ಲ. ನಾಲ್ಕು ದಿನ ಹೀಗೆಯೇ ಕಳೆಯಿತು. ಮರದಿಂದಲೇ ಕಿಡಿ ಹಾರೀತೆಂದು ಕಾದದ್ದು ನನ್ನ ತಪ್ಪು. ಪುಸ್ತಕದವನ ತಪ್ಪು ಅದು.

ಬೆಂಕಿ ಹುಟ್ಟುವುದು ಸವೆದು ಬಿದ್ದ ಪುಡಿಯಲ್ಲಿ. ಪುಡಿ ಒಂದೆಡೆ ಕೂಡಬೇಕಾದರೆ ಕುಳಿಯಿಂದ ಹಲಗೆಯ ಅಂಚಿನವರೆಗೆ ಒಂದು ಕಚ್ಚು ಕೊರೆದಿರಬೇಕು. ಕಚ್ಚಿಲ್ಲದ ಕುಳಿಯಲ್ಲಿ ಪುಡಿ ಚದುರುತ್ತದೆ, ಗಾಳಿಯೂ ಸಾಲದು. ಕಚ್ಚು ಕೊರೆದ ದಿನ ಪುಡಿ ಮೊದಲು ಕಂದಾಗಿ, ಒತ್ತಡ ಹೆಚ್ಚಿದಂತೆ ಕಪ್ಪಾಗಿ ರಾಶಿಗೂಡಿತು. ಬಿಲ್ಲನ್ನು ಕೆಳಗಿಟ್ಟೆ. ಕಡ್ಡಿ ನಿಂತರೂ ಪುಡಿಯಿಂದ ಹೊಗೆ ಏಳುತ್ತಲೇ ಇತ್ತು! ಒಳಗೆ ಕಡಲೆಕಾಳಿನಷ್ಟು ಕೆಂಡ. ಆತುರದಿಂದ ಊದಿದೆ, ಚದುರಿ ಆರಿಹೋಯಿತು. ಮರುದಿನ ಅದನ್ನು ತೆಂಗಿನ ನಾರಿನ ಗೂಡಿಗೆ ಮೆಲ್ಲನೆ ಜಾರಿಸಿ, ಮಗುವಿನ ಕಣ್ಣಿನ ಧೂಳನ್ನು ಊದುವಂತೆ ಊದಿದೆ. ನಾರು ಭುಗ್ಗೆಂದಿತು.

ಆ ವಿದ್ಯಾರ್ಥಿ ಇಂದು ಎಲ್ಲಿರುವನೋ ಅರಿಯೆ. ಈ ಮಾತು ಅವನ ಕಿವಿಗೆ ಬಿದ್ದರೆ, ಅಂದು ಹೇಳದೆ ಹೋದದ್ದು ಇದು: ಹಲಗೆಯಲ್ಲಿ ಕಚ್ಚು ಕೊರೆಯಬೇಕಪ್ಪ.